ಹಾಟ್ ಟಬ್ಬಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಮೂವತ್ತು ವರ್ಷ ವಿಜ್ಞಾನ ಬೋಧಿಸಿ ನಿವೃತ್ತನಾದವನಿಗೆ ನೀರು ಕಾಯಿಸುವ ಯಂತ್ರವೊಂದು ಎದುರುತ್ತರ ಕೊಡಲಾರದು ಎಂಬ ದೃಢ ನಂಬಿಕೆಯಿಂದ ನಾನು ತಿಪಟೂರಿನಲ್ಲಿ ಬಸ್ಸು ಹತ್ತಿದೆ. ಕಿಬ್ಬನಹಳ್ಳಿ ಹತ್ತಿರದ ತೋಟದಲ್ಲಿ ನನ್ನ ಬಾಮೈದ ಷಡಕ್ಷರಿ ಪ್ರವಾಸಿಗರಿಗೆಂದು ಎರಡು ಕೋಣೆ ಕಟ್ಟಿಸಿ, ತೆಂಗಿನ ಮರಗಳ ನಡುವೆ ಒಂದು ಹಾಟ್ ಟಬ್ ಇರಿಸಿದ್ದ. ನಾಲ್ಕು ಜನ ಒಟ್ಟಿಗೆ ಕೂತು ಬೇಯಬಹುದಾದ ತೊಟ್ಟಿ. ಗುಳುಗುಳು ಎನ್ನುತ್ತಿದ್ದದ್ದು ಆಗಾಗ ಇದ್ದಕ್ಕಿದ್ದಂತೆ ಮೌನವ್ರತ ಹಿಡಿಯುತ್ತಿತ್ತು.

“ಭಾವ, ಶನಿವಾರ ಗೆಸ್ಟುಗಳು ಬತ್ತಾರೆ. ಅಷ್ಟರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಮಲ್ಲೇಶನ್ನ ಬುಟ್ಟು ಬೇರೆಯೋರ್ನ ಕರೆಸ್ತೀನಿ,” ಎಂದ ಷಡಕ್ಷರಿ.

ಮಲ್ಲೇಶ ಅದನ್ನು ಜೋಡಿಸಿದ ಎಲೆಕ್ಟ್ರಿಷಿಯನ್, ನನ್ನ ಹಳೆಯ ವಿದ್ಯಾರ್ಥಿ. ಷಡಕ್ಷರಿ ಕೈಬಿಟ್ಟರೆ ಸುತ್ತಲಿನ ತೋಟದವರೂ ಅವನನ್ನು ಕರೆಯುವುದಿಲ್ಲ.

ಎರಡು ದಿನ ಮೊದಲೇ ತವರಿಗೆ ಬಂದಿದ್ದ ನನ್ನ ಹೆಂಡತಿ ಗಿರಿಜಾ, “ಬೋರ್ ಮೋಟ್ರು ಆನ್ ಆದಾಗ್ಲೇ ನಿಲ್ಲುತ್ತೆ ಕಣ್ರೀ, ಮಲ್ಲೇಶಂಗೆ ಹೇಳಿ,” ಎಂದಳು.

“ಇದು ವಿಜ್ಞಾನ ಕಣೇ,” ಎಂದು ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಮೇನ್ ಆಫ್ ಮಾಡಿ, ಟಬ್ಬಿನ ಪಕ್ಕದ ಕರೆಂಟಿನ ಪೆಟ್ಟಿಗೆ ಬಿಚ್ಚಿ, ಅಂಗೈಯಗಲದ ಕಂಟ್ರೋಲ್ ಬೋರ್ಡನ್ನು ಹೊರತೆಗೆದೆ. ಮುಂದೇನೆಂದು ಹೊಳೆಯಲಿಲ್ಲ. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಯಿತೇ ಎಂದು ತಿಳಿಯಲು ನಮ್ಮ ಕಡೆ ಅದನ್ನು ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಬೋರ್ಡನ್ನೂ ಅಲ್ಲಾಡಿಸಿದೆ. ಒಳಗೇನೋ ಸಣ್ಣಗೆ ಸದ್ದಾಯಿತು. ಅದು ನನ್ನ ಕೈಗಡಿಯಾರ ಎಂಬುದು ಆಮೇಲೆ ತಿಳಿಯಿತು.

“ಲೂಸ್ ಕನೆಕ್ಷನ್,” ಎಂದು ತೀರ್ಪಿತ್ತೆ. “ಮಲ್ಲೇಶ ಕ್ಲಾಸ್‌ನಲ್ಲೂ ಕಿಟಕಿ ಕಡೆನೇ ನೋಡ್ತಿದ್ದ.”

ತುಕ್ಕು ಹಿಡಿಯದಿರಲೆಂದು, ಮಂಡಿನೋವಿಗಾಗಿ ಸದಾ ಜುಬ್ಬದ ಜೇಬಿನಲ್ಲಿರುವ ಸೀಸೆಯಿಂದ ಜೋಡಣೆಗಳಿಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿದೆ. ಬಾಗಿಲು, ಬೀಗ, ತಲೆ, ಮಂಡಿ, ಹೀಗೆ ಈ ಸೀಮೆಯಲ್ಲಿ ಅದಕ್ಕೆ ಬಗ್ಗದ ವಸ್ತುವನ್ನು ನಾನು ಕಂಡಿರಲಿಲ್ಲ.

ಟಬ್ ಓಡಿತು! ಷಡಕ್ಷರಿ ತಾನೇ ಕಾಫಿ ತಂದುಕೊಟ್ಟ. ಮರುದಿನ ನಾಲ್ಕು ಸಲ ನಿಂತಿತು. ನಾಲ್ಕು ಸಲವೂ ಎಣ್ಣೆ ಹಚ್ಚಿದೆ. ಮೂರನೆಯ ದಿನ ಶುರುವೇ ಆಗಲಿಲ್ಲ.

ಆಗ ನಾನು, ಟಬ್ ನೋಡಲೆಂದು ಬಂದಿದ್ದ ಪಕ್ಕದ ತೋಟದವರ ಎದುರಿಗೇ, “ನನ್ನ ಶಿಷ್ಯನಾದ್ರೂ ಹೇಳ್ಲೇಬೇಕು. ಅವನ ಕೆಲಸ ಸರಿಯಿಲ್ಲ,” ಎಂದು ಗಂಭೀರವಾಗಿ ಘೋಷಿಸಿದೆ. ಷಡಕ್ಷರಿ ಫೋನ್ ತೆಗೆದು, “ಮಲ್ಲೇಶ, ಬಂದು ನಿನ್ ಸಾಮಾನು ತಗಂಡೋಗಪ್ಪ,” ಎಂದ.

ಮಲ್ಲೇಶ ಬಂದ. ನನಗೆ ಕೈಮುಗಿದ. ಆಮೇಲೆ ಗಿರಿಜಾಳನ್ನು ಕೇಳಿದ: “ಅಕ್ಕ, ಮೊದ್ಲು ಯಾವಾಗ ನಿಲ್ತಿತ್ತು?”

“ಬೋರ್ ಮೋಟ್ರು ಶುರುವಾದಾಗ. ನಾನು ಹೇಳ್ದೆ, ಇವ್ರು ಎಲ್ಲಿ ಕೇಳ್ತಾರೆ?”

“ಹಂಗಾದ್ರೆ ಓಲ್ಟೇಜ್ ಬೀಳ್ತೈತೆ. ಸ್ಟೆಬಿಲೈಜರ್ ಹಾಕಿದ್ರೆ ಆಯ್ತು.”

ಮೂರು ದಿನದ ನನ್ನ ಸಂಶೋಧನೆ ಅರ್ಧ ನಿಮಿಷದಲ್ಲಿ ಮುಗಿಯಿತು. ಅಲ್ಲಿಗೇ ನಿಂತಿದ್ದರೆ ನನ್ನ ಮಾನ ಅಷ್ಟಿಷ್ಟು ಉಳಿಯುತ್ತಿತ್ತೇನೋ. ಆದರೆ ಅವನು ಪೆಟ್ಟಿಗೆ ತೆರೆದ. ಒಳಗೆ ಇರುವೆಗಳು ಕುಟುಂಬ ಸಮೇತ ಬೀಡುಬಿಟ್ಟಿದ್ದವು. ಕೆಲವು ಸ್ವಿಚ್ಚಿನ ಸಂದುಗಳಲ್ಲಿ ಸಿಕ್ಕಿ ಪ್ರಾಣ ಬಿಟ್ಟಿದ್ದವು. ಮಲ್ಲೇಶ ಬೆರಳಿಂದ ಸವರಿ ಮೂಸಿದ.

“ತೋಟ ಅಲ್ವಾ ಷಡಕ್ಷರಣ್ಣ, ಎಣ್ಣೆ ಎಲ್ಲಿಂದಾನಾ ಬಿದ್ದಿರುತ್ತೆ,” ಎಂದ, ನನ್ನತ್ತ ನೋಡದೆ.

“ನಮ್ಮ ಮರಗಳು ಯಾವಾಗಿಂದ ಎಣ್ಣೆನೇ ಬಿಡೋಕೆ ಶುರುಮಾಡಿದ್ವಪ್ಪ?” ಎಂದಳು ಗಿರಿಜಾ.

ನಾನು ಬಾಯಿಬಿಡಬೇಕಿತ್ತು. ಬದಲಿಗೆ ಆಕಾಶವನ್ನು ಪರಿಶೀಲಿಸುತ್ತ ನಿಂತೆ. ಇರುವೆಗಳು ನನಗಿಂತ ಪ್ರಾಮಾಣಿಕ. ಪೆಟ್ಟಿಗೆಯಿಂದ ಹೊರಟ ಅವುಗಳ ಸಾಲು ನೆಲಕ್ಕಿಳಿದು, ನನ್ನ ಪಂಚೆ ಹತ್ತಿ, ನೇರವಾಗಿ ಜುಬ್ಬದ ಜೇಬಿನೊಳಗೆ ಹೋಗುತ್ತಿತ್ತು. ಮೂವರೂ ಆ ಸಾಲನ್ನು ಕಣ್ಣಲ್ಲೇ ಹಿಂಬಾಲಿಸಿದರು.

“ಎಣ್ಣೆ ನಂದು,” ಎಂದೆ. “ಮಲ್ಲೇಶನ ಕೆಲಸ ಸರಿಯಾಗೇ ಇತ್ತು.”

“ಪಕ್ಕದ ತೋಟದೋರ್ಗೂ ನೀವೇ ಹೇಳ್ಬುಡಿ ಭಾವ,” ಎಂದ ಷಡಕ್ಷರಿ. ಹೋಗಿ ಹೇಳಿ ಬಂದೆ. ಅವರು ನಗಲಿಲ್ಲ. ಎಣ್ಣೆಯೆಲ್ಲ ಟಬ್ಬಿಗೇ ಆದರೆ ಮಂಡಿಗೆ ಏನು ಹಚ್ಚುತ್ತೀರಿ ಎಂದು ಮಾತ್ರ ಕೇಳಿದರು.

ಹಿಂತಿರುಗಿದಾಗ ಮಲ್ಲೇಶ ಪೆಟ್ಟಿಗೆಯೊಳಗೆ ತಲೆಯಿಟ್ಟು ಬೋರ್ಡು ಒರೆಸುತ್ತಿದ್ದ. ಪ್ರಾಯಶ್ಚಿತ್ತವಾಗಿ ಟಾರ್ಚ್ ಹಿಡಿಯಲೇ ಎಂದು ಕೇಳಿದೆ.

“ಹಿಡೀರಿ ಸಾ,” ಎಂದ. “ಒಸಿ ದೂರದಿಂದ.”

ಅಷ್ಟು ದೂರದಿಂದ ಬೆಳಕು ಬೋರ್ಡಿನ ಮೇಲೆ ಬೀಳುತ್ತಲೇ ಇರಲಿಲ್ಲ. ಅವನು ಅದನ್ನು ಹೇಳಲಿಲ್ಲ. ನಾನೂ ಕೆಲಸ ಮುಗಿಯುವವರೆಗೆ ಹಿಡಿದುಕೊಂಡೇ ನಿಂತಿದ್ದೆ.