ಗಿಡ್ಡ ತೋಟಾಗಳ ಕೈಬಿಡದ ಎಕ್ಸ್‌ಟ್ರ್ಯಾಕ್ಟರ್ ಅವರಿಗೆ

ಮಾನ್ಯ ಎಕ್ಸ್‌ಟ್ರ್ಯಾಕ್ಟರ್ ಮಹೋದಯರೇ,

ಹತ್ತೊಂಬತ್ತು ವರ್ಷಗಳಿಂದ ತಮ್ಮನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ, ಬ್ರಷ್ಷಿನಲ್ಲಿ ತಿಕ್ಕಿ, ಹೆತ್ತ ಮಗುವಿನ ಹಾಗೆ ನೋಡಿಕೊಂಡು ಬಂದಿರುವ, ಹೊನ್ನಾಳಿ ರಸ್ತೆಯ ಪೊಲೀಸ್ ಶಸ್ತ್ರ ದುರಸ್ತಿ ತರಗತಿಯ ಮೇಷ್ಟ್ರು, ಹೆಡ್ ಕಾನ್‌ಸ್ಟೆಬಲ್ ಗುರುಬಸವರಾಜ್ ಮಾಡುವ ಅನಂತ ನಮಸ್ಕಾರಗಳು. ತಾವು ಪಿಸ್ತೂಲಿನೊಳಗೆ ಕ್ಷೇಮವಾಗಿದ್ದೀರೆಂದು ಬಲ್ಲೆ. ಹೊರಗಿರುವ ನಾನು ಅಷ್ಟೇನೂ ಕ್ಷೇಮವಾಗಿಲ್ಲ.

ತಾವು ಗಾತ್ರದಲ್ಲಿ ಅಡಿಕೆ ಹೋಳಿಗಿಂತ ಚಿಕ್ಕವರು, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡಿನ ಬದಿಯಲ್ಲಿ ಕೂತ ಒಂದು ಕೊಕ್ಕೆ. ಗುಂಡು ಹಾರಿದ ಮೇಲೆ ಖಾಲಿ ಹಿತ್ತಾಳೆ ಕೇಸಿನ ಅಂಚು ಹಿಡಿದು ಹೊರಗೆಳೆಯುವುದಷ್ಟೇ ತಮಗೆ ವಹಿಸಿದ ಕೆಲಸ. ತೋಟಾ ಎಷ್ಟು ಒಳಗೆ ಹೋಗಬೇಕೆಂದು ನೋಡಿಕೊಳ್ಳಲು ಬ್ಯಾರೆಲಿನೊಳಗೆ ಸಣ್ಣದೊಂದು ಮೆಟ್ಟಿಲು ಬೇರೆಯೇ ಇದೆ. ಕೇಸಿನ ಬಾಯಿ ಅದಕ್ಕೆ ತಾಗಿ ನಿಲ್ಲಬೇಕು, ಹಿಂದಿನಿಂದ ಫೈರಿಂಗ್ ಪಿನ್ ಎಂಬ ಮೊಳೆ ಬಂದು ತೋಟಾದ ಬುಡಕ್ಕೆ ಬಡಿಯಬೇಕು. ಕೇಸು ಕೂದಲೆಳೆಯಷ್ಟು ಗಿಡ್ಡವಾದರೂ ತೋಟಾ ಮುಂದಕ್ಕೆ ಜಾರುತ್ತದೆ, ಪಿನ್ನು ಗಾಳಿಗೆ ಗುದ್ದುತ್ತದೆ, ಗುಂಡು ಹಾರುವುದಿಲ್ಲ. ಇದು ನನ್ನ ಪಾಠ. ಪ್ರತಿ ತಂಡದ ಮುಂದೆಯೂ ಬ್ಯಾರೆಲ್ ಬಿಚ್ಚಿ ಕೈಯಲ್ಲಿ ಹಿಡಿದು, ಗಿಡ್ಡ ಕೇಸಿನ ಡಮ್ಮಿ ತೋಟಾವೊಂದನ್ನು ಒಳಗೆ ಬಿಟ್ಟು, ಅದು ಜಾರಿ ಇಳಿಯುವುದನ್ನು ತೋರಿಸುತ್ತಿದ್ದೆ. ಎಲ್ಲರೂ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು.

ಈ ಸಲದ ತಂಡದಲ್ಲಿ ಜಗಳೂರು ಕಡೆಯ ಚೈತ್ರಶ್ರೀ ಎಂಬ ಕಾನ್‌ಸ್ಟೆಬಲ್ ತಲೆಯಾಡಿಸಲಿಲ್ಲ. ಎದ್ದು ನಿಂತು, "ಬ್ಯಾರೆಲ್ ಒಂದನ್ನೇ ಕೈಯಾಗೆ ಹಿಡ್ಕಂಡ್ರೆ ಜಾರೇ ಜಾರ್ತೈತೆ ಸರ್. ಪಿಸ್ತೂಲಿನಾಗೆ ಹಿಂದಿನಿಂದ ಕೊಕ್ಕೆ ಹಿಡ್ಕಂಡಿರ್ತೈತಲ್ರೀ, ಹೆಂಗೆ ಜಾರಾಕೆ ಆಗ್ತೈತೆ?" ಎಂದಳು. ಕೂತ್ಕೊಳಮ್ಮಾ ಎಂದೆ. ಸಾಲದ್ದಕ್ಕೆ ಅವಳ ಮೌಲ್ಯಮಾಪನದ ಹಾಳೆಯಲ್ಲಿ "ಮೂಲಪಾಠವೇ ತಿಳಿದಿಲ್ಲ, ಅನುತ್ತೀರ್ಣ" ಎಂದು ಬರೆದೆ. ಹಾಗೆಂದರೆ ಅವಳು ದುರಸ್ತಿ ಕೆಲಸದ ಆಸೆ ಬಿಟ್ಟು ಮತ್ತೆ ಗೇಟಿನ ಪಹರೆಗೆ ಹೋಗಬೇಕು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ನೇರವಾಗಿ ಇನ್‌ಸ್ಪೆಕ್ಟರ್ ಮಹೇಶ್ವರಪ್ಪನವರ ಬಳಿ ಹೋಗಿ, ಒಂದು ಸಲ ಹಾರಿಸಿ ನೋಡಿಬಿಡೋಣ ಎಂದು ಕೇಳಿದಳು.

ಹಾಗಾಗಿ ತ್ಯಾವಣಿಗೆ ಬಳಿಯ ಬಯಲಿನಲ್ಲಿ, ನಾನೇ ಅಳೆದು ಗಿಡ್ಡವೆಂದು ತಿರಸ್ಕರಿಸಿದ್ದ ಹತ್ತು ತೋಟಾಗಳನ್ನು ಮ್ಯಾಗಜೀನಿಗೆ ತುಂಬಲಾಯಿತು. ಸ್ವಾಮೀ, ಹತ್ತರಲ್ಲಿ ಒಂದನ್ನಾದರೂ ಕೈಬಿಡಬಾರದಿತ್ತೇ? ಒಂದೊಂದೇ ಮೇಲೇರಿ ಬಂದಂತೆ ತಾವು ಅದರ ಅಂಚನ್ನು ಉಗುರಿನಡಿ ಸೇರಿಸಿಕೊಂಡು, ಮುಂದೆ ಜಾರಗೊಡದೆ ಹಿಡಿದು ನಿಲ್ಲಿಸಿದಿರಿ. ಪಿನ್ನು ಬಂದು ಬಡಿಯಿತು. ಹತ್ತಕ್ಕೆ ಹತ್ತೂ ಹಾರಿದವು. ಮೊದಲ ಸದ್ದಿಗೆ ಗಾಬರಿಯಿಂದ ಎದ್ದಿದ್ದ ಗದ್ದೆಯ ಕೊಕ್ಕರೆಗಳು ಹತ್ತನೆಯದರ ಹೊತ್ತಿಗೆ ಬೇಸತ್ತು ಕೂತೇ ಇದ್ದವು. ನನಗೆ ಮಾತ್ರ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ನಾಚಿಕೆಯಾಯಿತು.

ನಮ್ಮಲ್ಲಿ ತನ್ನ ಕೆಲಸವನ್ನು ತಾನು ಮಾಡುವವರೇ ಅಪರೂಪವಾಗಿರುವಾಗ, ಪ್ರಭಾರ ಭತ್ಯೆಯೂ ಇಲ್ಲದೆ ಮೆಟ್ಟಿಲಿನ ಕೆಲಸವನ್ನೂ ಹೊತ್ತುಕೊಂಡ ತಮ್ಮ ಸೇವಾನಿಷ್ಠೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಆದರೂ ಕೈಮುಗಿದು ಕೇಳುತ್ತೇನೆ: ಇನ್ನು ಮುಂದೆ ಗಿಡ್ಡ ತೋಟಾ ಬಂದರೆ ಲಿಖಿತ ಆದೇಶವಿಲ್ಲದೆ ಮುಟ್ಟಬೇಡಿ, ಅದಾಗದಿದ್ದರೆ ನಾನು ಪಾಠ ಮಾಡುವ ದಿನವಾದರೂ ಸಾಂದರ್ಭಿಕ ರಜೆ ಹಾಕಿ ಮನೆಯಲ್ಲಿರಿ. ಪಿನ್ನಿನ ಬಡಿತ ತಾಳಿಕೊಳ್ಳಲೆಂದು ಹುಟ್ಟಿದವರಲ್ಲ ತಾವು. ದಿನವೂ ಹೀಗೆ ಪರೋಪಕಾರ ಮಾಡುತ್ತಾ ಹೋದರೆ ಉಗುರು ಸವೆದು ಒಂದು ದಿನ ಮುರಿಯುತ್ತದೆ, ಆಗ ತಮ್ಮನ್ನು ಬದಲಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಗಿಡ್ಡ ತೋಟಾ ಹಾರಿತೆಂದರೆ ಅದು ಸರಿಯಾಯಿತೆಂದಲ್ಲ. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ, ಮುಚ್ಚಿಡುವುದೇಕೆ?

ತಮ್ಮ ಉಗುರಿಗೆ ಸಿಕ್ಕಿ ಹೊರಬಿದ್ದ,
ತಮ್ಮ ವಿಶ್ವಾಸಿ,
ಗುರುಬಸವರಾಜ್

ಮರೆತ ಮಾತು: ಫೈರಿಂಗ್ ಪಿನ್ ಅವರಿಗೆ ಬೇರೆ ಪತ್ರ ಬರೆಯುತ್ತಿಲ್ಲ. ಎದುರಿಗೆ ತಂದು ನಿಲ್ಲಿಸಿದ್ದನ್ನು ಬಡಿಯುವುದಷ್ಟೇ ಗೊತ್ತಿರುವವರಿಗೆ ಬಡ್ತಿ ತಾನಾಗಿಯೇ ಬರುತ್ತದೆ. ಚೈತ್ರಶ್ರೀಯ ಹಾಳೆಯಲ್ಲಿ ನಾನು ಬರೆದಿದ್ದನ್ನು ಹೊಡೆದುಹಾಕಿ, "ಉತ್ತೀರ್ಣ" ಎಂದು ಬರೆದು, ಸಹಿ ಮಾಡಿ ಕೈಗಿತ್ತೆ. ಥ್ಯಾಂಕ್ಸ್ ಹೇಳುತ್ತಾಳೇನೋ ಎಂದು ಕಾದರೆ, "ಹತ್ತೊಂಬತ್ತು ವರ್ಷದಿಂದ ಇದನ್ನೇ ಕಲ್ತು ಹೋದೋರಿಗೆ ಯಾರು ಹೇಳ್ತಾರ್ರೀ ಸರ್?" ಎಂದಳು. ಚನ್ನಗಿರಿ, ನ್ಯಾಮತಿ, ಜಗಳೂರು ಅಂತ ಹರಿದು ಹಂಚಿಹೋದ ಅಷ್ಟೂ ಶಿಷ್ಯರ ಫೋನ್ ನಂಬರು ನನ್ನ ಹತ್ತಿರ ಇಲ್ಲ. ತಮ್ಮೊಬ್ಬರಿಗೆ ಬರೆದ ಈ ಪತ್ರವನ್ನು ಊರೆಲ್ಲಾ ಓದುವಂತೆ ಅಚ್ಚು ಹಾಕಿಸುತ್ತಿರುವುದು ಅದಕ್ಕೇ.