ಆಸ್ರಿಗೆ ಕೇಳುವ ಕಂಪ್ಯೂಟರು

ಊರಿಗೆ ಹೊಸ ಯಂತ್ರ ಬಂದರೆ ಅದು ಕೆಲಸ ಮಾಡುತ್ತದೋ ಬಿಡುತ್ತದೋ, ನಗುವಂಥದ್ದು ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಾಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದೆ. ಮೇಷ್ಟ್ರು ಎಂದರೆ, ಕಲಿಯಲು ಬಂದವರಿಗಿಂತ ಒಂದು ವಾರ ಮುಂಚೆ ಕಲಿತವನು, ಅಷ್ಟೇ.

ಯಂತ್ರ ನಮ್ಮದಲ್ಲ. ಶಿವಮೊಗ್ಗದ ಒಂದು ಸಂಸ್ಥೆ ಆರು ತಿಂಗಳಿಗೆಂದು ಕೊಟ್ಟದ್ದು. ಷರತ್ತು ಒಂದೇ. ಕೊನೆಗೆ ಅವರ ಸಾಹೇಬರು ಬಂದ ದಿನ, ಕಂಪ್ಯೂಟರನ್ನು ಮುಟ್ಟಿಯೇ ನೋಡದ ಒಬ್ಬರು ಯಾರ ಸಹಾಯವೂ ಇಲ್ಲದೆ ಅರ್ಧ ಗಂಟೆಯೊಳಗೆ ಒಂದು ಪತ್ರ ಬರೆದು ತೋರಿಸಬೇಕು. ಬರೆದರೆ ಯಂತ್ರ ಸಾಗರದಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ವಾಪಸ್. ಅದರ ಹಿಂದೆಯೇ ನನ್ನ ಕೆಲಸವೂ ಹೋಗುತ್ತಿತ್ತು. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ. ಇದೂ ಪೂರ್ತಿ ಬರುತ್ತಿರಲಿಲ್ಲ ಅನ್ನಿ.

೧. ಹೊಸನಗರದ ಸಂಗೀತ

ಯಂತ್ರ ಎಂದರೆ ಒಂದು ಕೀಲಿಮಣೆ, ಅದಕ್ಕೊಂದು ಟೀವಿ, ಒಂದು ಟೇಪ್ ರೆಕಾರ್ಡರ್. ಪ್ರೋಗ್ರಾಮು ಇರುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ. ಟೇಪ್ ಓಡಿಸಿದರೆ ಕಿರ್ರೋ ಎಂದು ಐದು ನಿಮಿಷ ಕೂಗಿ, ಪ್ರೋಗ್ರಾಮು ಯಂತ್ರಕ್ಕೆ ಇಳಿಯುತ್ತಿತ್ತು. ಸಾಗರದ ಜೊತೆಗೆ ಬುಧವಾರ ಹೊಸನಗರದಲ್ಲಿ, ಶುಕ್ರವಾರ ತೀರ್ಥಹಳ್ಳಿಯಲ್ಲಿ ಪಾಠ. ಎಲ್ಲವನ್ನೂ ಹಾಸಿಗೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ.

ಹೊಸನಗರದಲ್ಲಿ ಪಾಠ ನಡೆಯುತ್ತಿದ್ದದ್ದು ಒಂದು ಹೋಟೆಲಿನ ಮಾಳಿಗೆಯಲ್ಲಿ. ಒಂದು ಬುಧವಾರ ಕ್ಯಾಸೆಟ್ಟನ್ನು ಗಲ್ಲಾದ ಮೇಲೆ ಮರೆತು ಪೇಟೆಗೆ ಹೋದೆ. ಬಂದು ನೋಡಿದರೆ ಹೋಟೆಲಿನ ಟೇಪ್ ರೆಕಾರ್ಡರಿನಲ್ಲಿ ನಮ್ಮ ಪ್ರೋಗ್ರಾಮು ಕಿರುಚುತ್ತಿದೆ. ಗಿರಾಕಿಗಳು ತಲೆ ತಗ್ಗಿಸಿ ದೋಸೆ ತಿನ್ನುತ್ತಿದ್ದಾರೆ. ಮಾಲೀಕರು ಗಂಭೀರವಾಗಿ ಕಣ್ಣು ಮುಚ್ಚಿ ಕೂತಿದ್ದಾರೆ.

"ಇದನ್ನ್ಯಾಕೆ ಹಾಕಿದ್ರಿ?" ಎಂದೆ.

"ಎರಡು ಸಲ ಹಾಕ್ದೆ," ಎಂದರು. "ಬೆಂಗಳೂರು ಕಡೆ ಹೊಸಾ ಸಂಗೀತ ಇರ್ಬೇಕು, ನಮಗೆ ತಿಳೀದೆ ಇದ್ರೆ ತಪ್ಪು ನಮ್ದೇ ಅಂತ ಸುಮ್ನೆ ಕೂತ್ಕಂಡಿದ್ದೆ."

೨. ಗೌಡರ ತಿದ್ದುಪಡಿ

ಮೊದಮೊದಲು ಯಂತ್ರಕ್ಕೆ ಏನು ಹೇಳಬೇಕಾದರೂ ಇಂಗ್ಲಿಷಿನ ಆಜ್ಞೆಗಳನ್ನು ಬಾಯಿಪಾಠ ಮಾಡಬೇಕಿತ್ತು. ಒಂದು ಚುಕ್ಕಿ ತಪ್ಪಿದರೂ ಕುಂಯ್ ಎಂದು ಕೂಗಿ ಪರದೆಯ ಮೇಲೆ 'ಎರರ್' ಎಂದು ಬರೆಯುತ್ತಿತ್ತು. ತೀರ್ಥಹಳ್ಳಿಯಲ್ಲಿ ಕಲಿಯಲು ಬಂದಿದ್ದ ಹಿರಿಯ ಗೌಡರೊಬ್ಬರು ಮೂರನೇ ಕುಂಯ್‌ಗೆ ಎದ್ದು ನಿಂತರು.

"ನಾ ಎಂತ ಮಾಡ್ದೆ ಅಂತ ಇದು ಬೈತದೆ ಮಾರಾಯ್ರೆ? ನಮ್ಮಪ್ಪನೂ ಇಷ್ಟು ಬೈದಿಲ್ಲ."

ಈ ಸಂಗತಿಯನ್ನು ಸಾಗರದ ಕಾಲೇಜಿನ ಫಿಸಿಕ್ಸ್ ಮೇಷ್ಟ್ರಿಗೆ ಹೇಳಿದೆ. ಅವರು ನಗಲಿಲ್ಲ. "ತಪ್ಪು ಗೌಡ್ರದಲ್ಲ, ಯಂತ್ರದ್ದು. ಊರಿನ ಮಾತು ಅದಕ್ಕೆ ಬರಲ್ಲ," ಎಂದು ಹೇಳಿ, ಒಂದೇ ವಾರದಲ್ಲಿ ತಾವೇ ಹೊಸ ಪ್ರೋಗ್ರಾಮು ಬರೆದುಕೊಟ್ಟರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು. ಒಂದು ಒತ್ತಿದರೆ ಪತ್ರ ಬರೆಯುವುದು, ಎರಡು ಒತ್ತಿದರೆ ಬರೆದದ್ದನ್ನು ಓದುವುದು, ಹೀಗೆ. ಜೊತೆಗೆ ಇಡೀ ಪ್ರೋಗ್ರಾಮನ್ನು ಸಾಲು ಸಾಲಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಯಂತ್ರಕ್ಕೇ ದಾರ ಕಟ್ಟಿ ನೇತುಹಾಕಿದರು. "ಯಾರು ಕೇಳಿದ್ರೂ ಕ್ಯಾಸೆಟ್ ಕಾಪಿ ಮಾಡಿಕೊಡು. ಯಾರು ಬೇಕಾದ್ರೂ ತಿದ್ದಲಿ. ತಿದ್ದಿದ್ದನ್ನ ಈ ಪುಸ್ತಕದಲ್ಲಿ ಬರೆದಿಡಬೇಕು, ಅಷ್ಟೇ." ಅಂಥ ದೊಡ್ಡ ಮನಸ್ಸಿನವರನ್ನು ನಾನು ಆಮೇಲೆ ಹೆಚ್ಚು ಕಾಣಲಿಲ್ಲ.

ಮೊದಲು ತಿದ್ದಿದವರು ಗೌಡರೇ. 'ಎರರ್' ಇದ್ದ ಸಾಲನ್ನು ಪುಸ್ತಕದಲ್ಲಿ ಹುಡುಕಿ, ಒಂದೇ ಬೆರಳಿನಲ್ಲಿ ಕುಟ್ಟಿ, 'ಇನ್ನೊಂದ್ಸಲ ನೋಡಿ' ಎಂದು ಮಾಡಿದರು. ಸಾಗರಕ್ಕೆ ಬಂದು ತೋರಿಸಿದಾಗ ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಮುಂದಿನ ವಾರ ಗೌಡರು ಇನ್ನೊಂದು ಸಾಲು ಸೇರಿಸಿದ್ದರು. ಮೂರು ಸಲ ತಪ್ಪಾದರೆ ಯಂತ್ರ 'ಹೋಗ್ಲಿ ಬಿಡಿ, ನಾಳೆ ಬನ್ನಿ' ಎನ್ನುತ್ತಿತ್ತು. ಮೇಷ್ಟ್ರು ತೀರ್ಥಹಳ್ಳಿಗೇ ಬಂದು ಅದನ್ನು ಮಾತ್ರ ತೆಗೆಸಿದರು. "ಗೌಡ್ರೇ, ಅದನ್ನ ಹೇಳೋಕೆ ತಾಲ್ಲೂಕು ಆಫೀಸಿದೆ," ಎಂದರು.

೩. ಮೊದಲ ಕೀಲಿ

ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು ಟೈಪಿಂಗ್ ಕಲಿಸುವ ಅಕ್ಕ. ನಮ್ಮಿಬ್ಬರದೂ ಒಂದೇ ಮನೆಮಾತು, ಹಾಗಾಗಿ ನನ್ನನ್ನು ಬೈಯುವುದಕ್ಕೆ ಅವರಿಗೆ ಸಲೀಸು. ಹೊಸಬರು ಯಂತ್ರದ ಮುಂದೆ ಕೂತು, ಎಲ್ಲಿ ಹಾಳಾಗಿ ಬಿಡುತ್ತದೋ ಎಂದು ಕೈ ಮಡಿಚಿಕೊಂಡೇ ಇರುವುದನ್ನು ಅಕ್ಕ ಎಷ್ಟೋ ದಿನ ನೋಡಿದರು.

"ತಮಾ, ಬಂದವ್ರಿಗೆ ಆಸ್ರಿಗೆ ಕೇಳದ್ದೇ ಕೆಲ್ಸ ಹೇಳ್ತು ಇದು. ಹೆದ್ರದೇ ಎಂತ ಮಾಡ್ತ ಅವು?"

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸ್ರಿಗೆ, ಅಂದರೆ ಕುಡಿಯಲು ಏನಾದರೂ. ಕ್ಷೇಮಸಮಾಚಾರ, ಕೆಲಸದ ಮಾತು ಎಲ್ಲ ಆಮೇಲೆ. ಅಕ್ಕ ಪುಸ್ತಕ ಓದಿಯೇ ಪ್ರೋಗ್ರಾಮು ಬರೆಯುವುದನ್ನು ಕಲಿತು, ಎಲ್ಲಕ್ಕಿಂತ ಮೇಲೆ ಒಂದು ಪ್ರಶ್ನೆ ಕೂರಿಸಿದರು: 'ಆಸ್ರಿಗೆ ಬೇಕಾ? ಹೌದಾದರೆ ಎಚ್, ಬೇಡವಾದರೆ ಬಿ.' ಎಚ್ ಒತ್ತಿದರೆ ಯಂತ್ರ ಮೂರು ಸಲ ಕುಂಯ್ ಎನ್ನುತ್ತಿತ್ತು. ಅದು ಗೋಡೆಯಾಚೆಯ ಹೋಟೆಲಿಗೆ ಕೇಳಿ ಅಲ್ಲಿನ ಭಟ್ಟರು ಕಾಫಿ ತರುತ್ತಿದ್ದರು.

ನಾನು ಒಳಗೊಳಗೇ ನಕ್ಕಿದ್ದೆ. ಆದರೆ ಆ ದಿನದಿಂದ ಒಬ್ಬರೂ ಹೆದರಲಿಲ್ಲ. ಕಾಫಿ ಕೇಳಲು ಯಾರಿಗೆ ಭಯ? ಒಂದು ಕೀಲಿ ಒತ್ತಿದ ಬೆರಳು ಎರಡನೆಯದನ್ನು ತಾನೇ ಒತ್ತುತ್ತಿತ್ತು. ನಾನು ತಿಂಗಳುಗಟ್ಟಲೆ ಹೆಣಗಿಯೂ ಕಲಿಸಲಾಗದ್ದನ್ನು ಅಕ್ಕ ಒಂದು ಲೋಟ ಕಾಫಿಯಲ್ಲಿ ಕಲಿಸಿದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಹಳೇ ವಿದ್ಯಾರ್ಥಿಯೊಬ್ಬರು ಮಾತ್ರ ದಿನಾ ಬಂದು ಎಚ್ ಒತ್ತಿ, ಕಾಫಿ ಕುಡಿದು, "ಇವತ್ತಿಗೆ ಇಷ್ಟು ಕಲ್ತದ್ದು ಸಾಕು" ಎಂದು ಎದ್ದು ಹೋಗುತ್ತಿದ್ದರು.

೪. ಸಾಹೇಬರ ಪರೀಕ್ಷೆ

ಸಾಹೇಬರು ಬರುವ ದಿನ ಬಂತು. ಆಸ್ರಿಗೆ ಇಲ್ಲದ, ಮೇಷ್ಟ್ರ ಹಳೇ ಕ್ಯಾಸೆಟ್ಟನ್ನೇ ಹಾಕಿ ಎಂದು ಅಕ್ಕನಿಗೆ ಹೇಳಿದೆ.

"ಊರವ್ರಿಗೆ ಒಂದು, ಸಾಹೇಬ್ರಿಗೆ ಒಂದು ಮಾಡಲೆ ನಂಗೆ ಬತ್ತಿಲ್ಲೆ," ಎಂದು ತಮ್ಮದನ್ನೇ ಹಾಕಿದರು.

ಪರೀಕ್ಷೆಗೆಂದು ನಾವು ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯನ್ನು ಕರೆಸಿದ್ದೆವು. ಸಾಹೇಬರು ಅವರನ್ನು ನೋಡಿ, "ಇವರಿಗೆ ಮೊದಲೇ ಹೇಳಿಕೊಟ್ಟಿರ್ತೀರಿ. ಬೇಡ, ನಾನೇ ನೋಡ್ತೀನಿ," ಎಂದು ಕುರ್ಚಿ ಎಳೆದು ಕೂತರು.

ಪರದೆ ಆಸ್ರಿಗೆ ಬೇಕೇ ಎಂದು ಕೇಳಿತು. ಸಾಹೇಬರು ಹುಬ್ಬು ಗಂಟಿಕ್ಕಿ ಬಿ ಒತ್ತಿದರು.

'ಸ್ವಲ್ಪ ಆದ್ರೂ?' ಎಂದಿತು ಯಂತ್ರ. ಇದು ನನಗೂ ಹೊಸದು. ಹಿಂದಿನ ದಿನ ಅಕ್ಕ ಸೇರಿಸಿದ್ದರು. ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ, ಅದನ್ನು ನಂಬಬಾರದು ಎಂಬುದು ಅವರ ವಾದ.

ಸಾಹೇಬರು ಮತ್ತೆ ಬಿ ಒತ್ತಿದರು.

'ಬರೀ ಬಾಯಲ್ಲಿ ಕಳ್ಸೋ ಪದ್ಧತಿ ನಮ್ಮಲ್ಲಿ ಇಲ್ಲೆ.'

ಸಾಹೇಬರು ತಿರುಗಿ, "ಮುಂದೆ ಹೋಗೋದು ಹೇಗ್ರೀ?" ಎಂದರು.

ಅಕ್ಕ ಸಮಾಧಾನವಾಗಿ, "ಕುಡದ್ರೆ ಹೋಗ್ತು," ಎಂದರು.

ಸಾಹೇಬರು ಎಚ್ ಒತ್ತಿದರು. ಮೂರು ಕುಂಯ್. ಭಟ್ಟರು ಕಾಫಿ ತಂದಿಟ್ಟು ಹೋದರು. ಸಾಹೇಬರು ಒಂದು ಗುಟುಕು ಕುಡಿದು, ಪರದೆ ಓದಿ, ಒಂದು ಒತ್ತಿ, ಪತ್ರ ಶುರು ಮಾಡಿದರು. ನಡುವೆ ತಪ್ಪಿದಾಗ 'ಇನ್ನೊಂದ್ಸಲ ನೋಡಿ' ಎಂದು ಬಂತು. "ಹ್ಞಾಂ, ನೋಡ್ತೀನಿ" ಎಂದು ಯಂತ್ರಕ್ಕೇ ಉತ್ತರ ಕೊಟ್ಟು ತಿದ್ದಿಕೊಂಡರು. ಅರ್ಧ ಗಂಟೆಗೆ ಇನ್ನೂ ಐದು ನಿಮಿಷ ಇರುವಾಗ ಪತ್ರ ಮುಗಿದಿತ್ತು.

ಸಾಹೇಬರು ಚೀಲದಿಂದ ತಪಾಸಣೆಯ ಫಾರಂ ತೆಗೆದು, ಪೆನ್ನಿನಲ್ಲಿ ತುಂಬಿ, ನನ್ನ ಕೈಗಿಟ್ಟು ಜೀಪು ಹತ್ತಿದರು. ನಾನು ಓದುವ ಮೊದಲೇ ಅಕ್ಕ ಅದನ್ನು ಕಸಿದುಕೊಂಡು ಗಟ್ಟಿಯಾಗಿ ಓದಿದರು.

'ಯಂತ್ರ ಮುಟ್ಟದ ಹೊಸಬರ ಹೆಸರು' ಎಂಬಲ್ಲಿ ಸಾಹೇಬರು ತಮ್ಮ ಹೆಸರನ್ನೇ ಬರೆದಿದ್ದರು. 'ಶಿಫಾರಸು' ಎಂಬಲ್ಲಿ, 'ಯಂತ್ರ ಸಾಗರದಲ್ಲೇ ಇರಲಿ. ಈ ಕ್ಯಾಸೆಟ್ಟಿನ ಒಂದು ಪ್ರತಿ ನಮ್ಮ ಕಚೇರಿಗೂ ಬೇಕು.' ಕೊನೆಗೆ, 'ಯಂತ್ರದಲ್ಲಿ ಕಂಡುಬಂದ ದೋಷ' ಎಂಬಲ್ಲಿ:

'ಸಕ್ಕರೆ ಸ್ವಲ್ಪ ಹೆಚ್ಚು.'