ಆದಾಮನ ಮಾನ ಮತ್ತು ನನ್ನ ನೌಕರಿ

ಫಾದರ್‌ಗಳ ಶಾಲೆಯಲ್ಲಿ ವಿಭೂತಿ ಇಟ್ಟ ಮೇಷ್ಟ್ರೊಬ್ಬ ಜೀವವಿಕಾಸದ ಪಾಠಕ್ಕೆ ಕೈ ಹಾಕಿದರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನನಗಂತೂ ಒಂದೇ ವರ್ಷದಲ್ಲಿ ಸಾಕುಸಾಕಾಯಿತು. ಆಲೂರಿನಿಂದ ದಿನಾ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋಗಿ ವಿಜ್ಞಾನ ಹೇಳಿಕೊಟ್ಟು ಬರುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನನ್ನ ಕೆಲಸ ಮಾತ್ರ ಇನ್ನೂ ಟೆಂಪರರಿಯಾಗಿಯೇ ಇತ್ತು.

ದೇವರಿಗೆ ಬೇಜಾರು

ಆ ಪಾಠವನ್ನು ನಾನು ಮಾಡುತ್ತಲೇ ಇರಲಿಲ್ಲ. ಜೀರ್ಣಕ್ರಿಯೆಯನ್ನು ತಿಂಗಳುಗಟ್ಟಲೆ ಎಳೆದು, ವಿಕಾಸವನ್ನು ಮನೆಯಲ್ಲಿ ಓದಿಕೊಳ್ಳಿ ಎಂದುಬಿಡುತ್ತಿದ್ದೆ. ಒಂದು ದಿನ ಹೆಡ್‌ಮಾಸ್ಟರ್ ಫಾದರ್ ಕರೆಸಿ ಯಾಕೆ ಎಂದು ಕೇಳಿದರು. ಕೆಲಸ ಹೋಯಿತು ಅಂದುಕೊಂಡೆ. ಆದಾಮನ ಕಥೆ ಇರುವಾಗ ಕೋತಿಯ ಕಥೆ ಹೇಳಿದರೆ ನಿಮ್ಮ ದೇವರಿಗೆ ಬೇಜಾರಾಗಬಾರದಲ್ಲ ಎಂದು ತೊದಲಿದೆ.

ಫಾದರ್ ಕನ್ನಡಕ ತೆಗೆದಿಟ್ಟರು. ದೇವರು ಕ್ಯಾಲೆಂಡರ್ ನೋಡಿಕೊಂಡು ಆರು ದಿನದಲ್ಲಿ ಕೆಲಸ ಮುಗಿಸಿದ ಅಂತ ತಾವೂ ನಂಬಿಲ್ಲ, ವಿಕಾಸ ಮಾಡಿಸಿದವನೂ ಅವನೇ ಎಂದರು. "ರೋಮಿನಲ್ಲಿ ಪೋಪರೇ ಇದು ಬರೀ ಊಹೆ ಅಲ್ಲ ಅಂದಿದ್ದಾರೆ. ನಿಮ್ಮದೇನ್ರೀ ತಕರಾರು?"

ದಸರಾ ರಜೆ ಮುಗಿದ ಮೇಲೆ ಬಿಷಪ್ಪರ ಕಡೆಯಿಂದ ಹಿರಿಯ ಫಾದರ್ ಒಬ್ಬರು ಬರುತ್ತಾರೆ, ಅವರ ಮುಂದೆ ಇದೇ ಪಾಠ ಮಾಡಬೇಕು, ಅವರು ಒಪ್ಪಿದರೆ ಕೆಲಸ ಕಾಯಂ ಎಂದೂ ಹೇಳಿದರು. ಹಣೆಗೆ ವಿಭೂತಿ ಬಳಿದುಕೊಂಡು ಆದಾಮನ ಮಾನ ಕಾಯಲು ನಿಂತಿದ್ದವನು ಇಡೀ ಹಾಸನ ಜಿಲ್ಲೆಯಲ್ಲಿ ನಾನೊಬ್ಬನೇ ಅಂತ ಅವತ್ತು ಗೊತ್ತಾಯಿತು.

ಹೆಗ್ಗದ್ದೆಯ ಹಿರೀಕರು

ಸರಿ, ಪಾಠ ಶುರು ಮಾಡಿದೆ. ಪಿತೃಪಕ್ಷ ಮುಗಿಯುವ ಮೊದಲೇ ಹೆಗ್ಗದ್ದೆಯ ಕಾಫಿ ಪ್ಲಾಂಟರೊಬ್ಬರು ಜೀಪಿನಲ್ಲಿ ಶಾಲೆಗೆ ಬಂದಿಳಿದರು. ಅವರ ಮಗ ನನ್ನ ಪಾಠವನ್ನು ಅಜ್ಜಿಗೆ ಒಪ್ಪಿಸಿದ್ದ. ಅಜ್ಜಿ ಹಿರಿಯರಿಗಿಡುವ ಎಡೆಯನ್ನು, ಕಜ್ಜಾಯ, ಹೊಸ ಪಂಚೆ ಸಮೇತ, ತೋಟದ ಕೋತಿಗಳ ಮುಂದೆ ಇಟ್ಟು ಕೈಮುಗಿದಿದ್ದರು. ಈಗ ಕೋತಿ ಓಡಿಸಲು ಯಾರನ್ನೂ ಬಿಡುತ್ತಿರಲಿಲ್ಲ.

"ಮೊದ್ಲಿನ ಹಿರೀಕರು ತಿಂದು ಸುಮ್ನೆ ಹೋಗ್ತಿದ್ರು ಕಣ್ರೀ. ಇವು ಉಳ್ಕಂಡ್ಬುಟ್ಟವೆ" ಎಂದರು ಪ್ಲಾಂಟರು.

ಅವರ ಸಂಕಟ ನೋಡಿ ನಗು ತಡೆದುಕೊಂಡು ವಿವರಿಸಿದೆ. ಕೋತಿ ನಮ್ಮ ತಾತ ಅಲ್ಲ. ಬಹಳ ಹಿಂದೆ ನಮಗೂ ಅದಕ್ಕೂ ಒಬ್ಬನೇ ಮೂಲಪುರುಷ ಇದ್ದ, ಆಮೇಲೆ ಬೇರೆ ಬೇರೆಯಾದೆವು. ಲೆಕ್ಕಕ್ಕೆ ದಾಯಾದಿಗಳು ಅನ್ನಬಹುದು.

ಅವರ ಮುಖ ಅರಳಿತು. "ದಾಯಾದಿಗಳಾ? ಮೊದ್ಲೇ ಹೇಳಾದಲ್ವಾ ಮಾರಾಯ್ರೇ. ಹಂಗಾದ್ರೆ ನಮ್ಮವ್ವನೇ ಕಲ್ಲು ಹೊಡೀತಾಳೆ."

ಹಿರಿಯ ಫಾದರ್ ಕೇಳಿದ್ದು

ಆ ದಿನ ಬಂತು. ಹಿರಿಯ ಫಾದರ್ ಹಿಂದಿನ ಬೆಂಚಿನಲ್ಲಿ ಕೂತರು, ಪಕ್ಕದಲ್ಲಿ ನಮ್ಮ ಹೆಡ್‌ಮಾಸ್ಟರ್ ಫಾದರ್. ನಾನು ಸೀಮೆಸುಣ್ಣ ಹಿಡಿದು ನಿಂತೆ. ಇದು ಕೆಟ್ಟರೆ ಹೆಂಡತಿಗೆ ಏನು ಹೇಳುವುದು ಅನ್ನುವುದೊಂದೇ ತಲೆಯಲ್ಲಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಕ್ರಿಶ್ಚಿಯನ್ ಮಕ್ಕಳು ಎದ್ದು ಚರ್ಚಿಗೆ ಧರ್ಮೋಪದೇಶಕ್ಕೆ ಹೋಗುತ್ತಿದ್ದರು, ಉಳಿದವರಿಗೆ ತರಗತಿಯಲ್ಲೇ ನೀತಿಪಾಠ. ಆ ನೀತಿಪಾಠ ನನ್ನ ತಲೆಗೆ ಬಿದ್ದಿತ್ತು. ಅಭ್ಯಾಸ ಆಗಲಿ ಅಂತ ಆ ಹೊತ್ತಿನಲ್ಲೇ ವಿಕಾಸದ ಪಾಠ ಮುಗಿಸಿದ್ದೆ. ಅಲ್ಲಿ ಆದಾಮ, ಇಲ್ಲಿ ಕೋತಿ, ನಡುವೆ ಒಂದು ಗೋಡೆ. ಇದರಿಂದ ಏನಾಗಬಹುದು ಅನ್ನುವುದು ನನಗೆ ಹೊಳೆದಿರಲೇ ಇಲ್ಲ.

ನಾನು ಬಾಯಿ ತೆರೆಯುವ ಮೊದಲೇ ಹಿರಿಯ ಫಾದರ್, ಮನುಷ್ಯ ಎಲ್ಲಿಂದ ಬಂದ, ಯಾರು ಹೇಳುತ್ತೀರಿ ಎಂದು ಕೇಳಿದರು. ಮಾರನಹಳ್ಳಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಧರ್ಮೋಪದೇಶದಲ್ಲಿ ಅವಳೇ ಫಸ್ಟು.

"ನಾವು ದೇವ್ರಿಂದ ಬಂದಿದ್ದು ಫಾದರ್" ಎಂದಳು. ಆಮೇಲೆ ನೀತಿಪಾಠದವರು ಕೂತಿದ್ದ ಪಕ್ಕದ ಬೆಂಚುಗಳ ಕಡೆ ಮರುಕದಿಂದ ಕೈ ತೋರಿಸಿದಳು. "ಅವ್ರೆಲ್ಲ ಕೋತಿಯಿಂದ."

ಪಕ್ಕದ ಬೆಂಚುಗಳವರೂ ಹೌದೌದು ಎಂದು ತಲೆಯಾಡಿಸಿದರು. ನಮ್ಮ ಹೆಡ್‌ಮಾಸ್ಟರ್ ಕಿಟಕಿಯ ಹೊರಗೆ ನೋಡತೊಡಗಿದರು. ಹಿರಿಯ ಫಾದರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹಾಗಾದರೆ ನಿಮ್ಮ ಮೇಷ್ಟ್ರು?"

ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅವ್ರದ್ದು ಇನ್ನೂ ಟೆಂಪರರಿ ಫಾದರ್."

ಹಿರಿಯ ಫಾದರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಹೆಡ್‌ಮಾಸ್ಟರಿಗೆ ಹೇಳಿದರು, "ಇವತ್ತೇ ಕಾಯಂ ಮಾಡಿಬಿಡಿ. ಪಾಪ, ಯಾವುದಾದರೂ ಒಂದು ಬೆಂಚಿಗೆ ಸೇರಿಕೊಳ್ಳಲಿ."